ಕೌದಿ ಮನೆಯ ತಿರುವಿನ ಬೆಳಕು

ನಮ್ಮ ಊರಿನಲ್ಲಿ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಎಣಿಕೆ ಕಲಿಸುತ್ತಾರೆ, ಅದೂ ಇನ್ನೂರರವರೆಗೆ. ಮುಸುಕು ಬಿದ್ದಾಗ ಸಿಗುವ ಸಮಯ ಅಷ್ಟೇ. ತಿಂಗಳಿಗೆ ಒಂದು ಸಲವೋ ಎರಡು ಸಲವೋ, ಹೊತ್ತು ಹುಟ್ಟಿ ಮುಳುಗುವುದರೊಳಗೆ ಯಾವ ಗಳಿಗೆಯಲ್ಲಾದರೂ, ಒಲೆಯ ಮೇಲಿನ ಹಾಲು ಉಕ್ಕಿದಷ್ಟು ಬೇಗ ಕತ್ತಲು ಬಂದುಬಿಡುತ್ತದೆ. ಸೂರ್ಯ ಕಾಣುವುದಿಲ್ಲ, ತಂತಿಯಲ್ಲಿ ಕರೆಂಟು ಇರುವುದಿಲ್ಲ, ಕೈಯಲ್ಲಿ ಹಿಡಿದ ಲಾಟೀನಾಗಲಿ ಟಾರ್ಚಾಗಲಿ ಉರಿಯುವುದಿಲ್ಲ. ಗೋಡೆಗೆ ಕಚ್ಚಿ ಕೂತ, ಹೊಟ್ಟೆಯಲ್ಲಿ ಬ್ಯಾಟರಿ ಇಟ್ಟುಕೊಂಡ ದೀಪಗಳು ಮಾತ್ರ ಉರಿಯುತ್ತವೆ. ಇನ್ನೂರು ಎಣಿಸುವುದರೊಳಗೆ ಸೂರಿನಿಂದ ಹೊರಗೆ ಬಂದು ಬಯಲಿನಲ್ಲಿ ನಿಂತವರಿಗೆ ಏನೂ ಆಗುವುದಿಲ್ಲ. ಒಳಗೆ ಉಳಿದವರ ಕಣ್ಣಿನಿಂದ ಒಂದು ಬಣ್ಣ ಹೋಗುತ್ತದೆ. ಹೋದ ಬಣ್ಣ ತಿರುಗಿ ಬಂದದ್ದನ್ನು ಯಾರೂ ಕಂಡಿಲ್ಲ.

ಬಣ್ಣ ಹೋದವರು ಹೇಗೋ ಹೊಂದಿಕೊಂಡು ಬದುಕುತ್ತಾರೆ. ಸಂತೆಯಲ್ಲಿ ಟೊಮ್ಯಾಟೊ ಮಾರುವ ಮುದುಕ ಹಣ್ಣನ್ನು ಮೂಸಿ ನೋಡಿ ಬುಟ್ಟಿಗೆ ಹಾಕುತ್ತಾನೆ. ಶಾಲೆಯ ಒಬ್ಬ ಮಾಸ್ತರರು ಮಕ್ಕಳ ತಪ್ಪುಗಳನ್ನು ನೀಲಿ ಶಾಯಿಯಲ್ಲಿ ತಿದ್ದುತ್ತಾರೆ. ಯಾಕೆ ಎಂದು ಯಾರೂ ಕೇಳುವುದಿಲ್ಲ. ಯಾರಿಗೆ ಯಾವ ಬಣ್ಣ ಹೋಗಿದೆ ಎಂದು ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಹೆಣ್ಣು ನೋಡಲು ಬಂದವರು ಮಾತ್ರ ಬಳೆಗಳ ತಟ್ಟೆಯನ್ನು ಹುಡುಗಿಯ ಮುಂದಿಟ್ಟು, "ಹಸಿರು ಬಳಿ ನಾಕು ಆರಿಸಿ ಕೊಡವ್ವಾ" ಎಂದು ಸುಮ್ಮನೆ ಕೇಳಿದಂತೆ ಕೇಳುತ್ತಾರೆ. ಕೇಳಿದವರಿಗೂ ಗೊತ್ತು, ಕೊಡುವವಳಿಗೂ ಗೊತ್ತು.

ನಾನು ದೀಪದ ಕಚೇರಿಯಲ್ಲಿ ಅಳತೆ ಮಾಡುವವಳು. ಹೆಸರು ಕುಮುದಿನಿ. ಊರಿನ ಪ್ರತಿಯೊಂದು ಕಟ್ಟಡದಲ್ಲೂ, ಜನ ಕೂತ ಜಾಗದಿಂದ ಹೊರಬಾಗಿಲಿನವರೆಗಿನ ದಾರಿಯಲ್ಲಿ ಮುಸುಕಿನ ಹೊತ್ತಿಗೆ ಎಷ್ಟು ಬೆಳಕು ಬೀಳುತ್ತದೆ ಎಂದು ಲೆಕ್ಕ ಹಾಕಿ ಸಹಿ ಮಾಡುವುದು ನನ್ನ ಕೆಲಸ. ದಾರಿಯ ನಟ್ಟನಡುವೆ, ನೆಲದ ಮೇಲೆ, ಒಂದು ಲಕ್ಸ್ ಬೆಳಕು ಇರಲೇಬೇಕು. ಒಂದು ಮೇಣದ ಬತ್ತಿ ಹಚ್ಚಿ ಅದರಿಂದ ಒಂದು ಮೀಟರು ದೂರದಲ್ಲಿ ಕೈ ಚಾಚಿದರೆ ಅಂಗೈ ಮೇಲೆ ಬೀಳುತ್ತದಲ್ಲ, ಅಷ್ಟು. ಕೇಳಲು ಸ್ವಲ್ಪವೆನಿಸುತ್ತದೆ, ಆದರೆ ಕಾಲಿಡಲು ಸಾಕು. ದೀಪ ಎಷ್ಟು ಎತ್ತರದಲ್ಲಿದೆ, ನೆಲದ ಆ ಜಾಗ ಅದರಿಂದ ಎಷ್ಟು ದೂರ, ಬೆಳಕು ಎಷ್ಟು ಓರೆಯಾಗಿ ಬೀಳುತ್ತದೆ, ಎಲ್ಲ ಬರೆದುಕೊಳ್ಳಬೇಕು. ದೂರ ಎರಡು ಪಟ್ಟಾದರೆ ಬೆಳಕು ಕಾಲು ಪಾಲಿಗೆ ಇಳಿಯುತ್ತದೆ. ಬಂದ ಉತ್ತರದಲ್ಲಿ ದೀಪದ ಗಾಜಿನ ಮೇಲೆ ಕೂರುವ ಧೂಳಿಗೆ ಒಂದಿಷ್ಟು, ಹಳತಾಗುವ ಬ್ಯಾಟರಿಗೆ ಒಂದಿಷ್ಟು ಕಳೆಯಬೇಕು. ಗೋಡೆಗೆ ಬಡಿದು ಹಿಂದಕ್ಕೆ ಚೆಲ್ಲುವ ಬೆಳಕನ್ನು ಲೆಕ್ಕಕ್ಕೆ ಹಿಡಿಯುವಂತೆಯೇ ಇಲ್ಲ. ನನಗೆ ಕೆಲಸ ಕಲಿಸಿದ ನಮ್ಮ ಮುಖ್ಯಸ್ಥರು ಗುರುಪಾದಪ್ಪನವರು ಮೊದಲ ದಿನವೇ ಹೇಳಿದ್ದರು: "ಗೋಡೀ ದಾಕ್ಷಿಣ್ಯ ನಂಬಬ್ಯಾಡ. ಇವತ್ತು ಸುಣ್ಣ ಬಳದಾರ, ನಾಳೆ ಹೊಗಿ ಹಿಡದು ಕರ್ರಗಾಗತದ." ಹಾಗೆ ಹದಿನಾರು ವರ್ಷ ಲೆಕ್ಕ ಹಾಕಿದೆ. ನಾನು ಸಹಿ ಮಾಡಿದ ಕಟ್ಟಡದಲ್ಲಿ ಯಾರೂ ಒಂದು ಬಣ್ಣವನ್ನೂ ಕಳೆದುಕೊಂಡಿರಲಿಲ್ಲ. ಅದರ ಬಗ್ಗೆ ನನಗೆ ಹೆಮ್ಮೆಯಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಆ ವರ್ಷ ಸುಗ್ಗಿಯ ಹೊತ್ತಿಗೆ ಕೌದಿ ಮನೆಯಿಂದ ಚೀಟಿ ಬಂತು. ಕೌದಿ ಮನೆ ಎಂದರೆ ಹಳೆಯ ಹತ್ತಿ ಗೋದಾಮಿನ ಎರಡನೆಯ ಮಾಳಿಗೆ. ಅಲ್ಲಿ ಅರವತ್ತೆರಡು ಹೆಂಗಸರು ಸಾಲಾಗಿ ನೆಲದ ಮೇಲೆ ಕೂತು ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಾರೆ. ಹಿಂದಿನ ದಿನ ಮಧ್ಯಾಹ್ನ ಊಟದ ಬುತ್ತಿ ಬಿಚ್ಚುವ ಹೊತ್ತಿಗೆ ಮುಸುಕು ಬಿದ್ದಿತ್ತು. ಅರವತ್ತು ಜನ ಹೊರಗೆ ಬಂದರು. ಒಬ್ಬಳು ಆ ದಿನ ಕೆಲಸಕ್ಕೇ ಬಂದಿರಲಿಲ್ಲ. ಇನ್ನೊಬ್ಬಳು, ನೀಲಗಂಗವ್ವ ಎಂಬಾಕೆ, ಒಳಗೇ ಉಳಿದಳು. ಬೆಳಕು ಬಂದ ಮೇಲೆ ನೋಡಿದರೆ, ಮುಚ್ಚಿದ ಹಳೆಯ ಮೆಟ್ಟಿಲಿನ ಬೀಗದ ಬಾಗಿಲಿಗೆ ಎರಡೂ ಅಂಗೈ ಒತ್ತಿಕೊಂಡು ನಿಂತಿದ್ದಳಂತೆ. ಅವಳಿಗೆ ಕೆಂಪು ಹೋಗಿತ್ತು.

ನಮ್ಮ ಕಚೇರಿಯ ಕಟ್ಟಳೆ ಸರಳ. ಹೀಗಾದರೆ ಮೂರು ದಿನದೊಳಗೆ ಸಹಿ ಮಾಡಿದವರೇ ಹೋಗಿ ಮತ್ತೆ ಅಳೆಯಬೇಕು. ಬೆಳಕು ಕಡಿಮೆ ಇದ್ದರೆ ತಪ್ಪು ಅಳತೆಯವರದು, ಅವರ ಸಹಿ ಹೋಗುತ್ತದೆ. ಬೆಳಕು ಸರಿ ಇದ್ದರೆ ತಪ್ಪು ಒಳಗುಳಿದವರದು. ಅವರನ್ನು 'ಎಚ್ಚರ ತಪ್ಪಿದವರು' ಎಂದು ಬರೆಯುತ್ತಾರೆ, ಅಂಥವರನ್ನು ಮತ್ತೆ ಯಾವ ಮಾಳಿಗೆಯ ಕೆಲಸಕ್ಕೂ ಇಟ್ಟುಕೊಳ್ಳುವುದಿಲ್ಲ. ಅಂದರೆ ಆ ಕಾಗದದ ಮೇಲೆ ಇಬ್ಬರಲ್ಲಿ ಒಬ್ಬರ ಕೂಳು ಹೋಗಲೇಬೇಕು, ನನ್ನದು ಇಲ್ಲವೇ ಅವಳದು.

ಮರುದಿನ ಹೆಂಗಸರನ್ನೆಲ್ಲ ಅಂಗಳಕ್ಕೆ ಕಳಿಸಿ, ಕಿಟಕಿಗಳಿಗೆ ಕರಿ ಪರದೆ ಇಳಿಸಿ, ಮೇನ್ ಆಫ್ ಮಾಡಿಸಿ ಮೀಟರು ಹಿಡಿದು ನಡೆದೆ. ಸಾಲುಗಳ ನಡುವೆ ಒಂದೂವರೆ ಲಕ್ಸ್. ಹೊಸ್ತಿಲಲ್ಲಿ ಎರಡು. ಪಡಸಾಲೆಯ ಕೊನೆಯಲ್ಲಿ ದಾರಿ ಎರಡಾಗುತ್ತದೆ. ಬಲಕ್ಕೆ ಹೋದರೆ ಹಳೆಯ ಮರದ ಮೆಟ್ಟಿಲು. ಅದಕ್ಕೆ ಗೆದ್ದಲು ಹಿಡಿದಿತ್ತೆಂದು ನಾಲ್ಕು ತಿಂಗಳ ಹಿಂದೆ ನಾನೇ ಬೀಗ ಹಾಕಿಸಿ, ಎಡಕ್ಕೆ ಹೊಸ ಕಲ್ಲಿನ ಮೆಟ್ಟಿಲು ಕಟ್ಟಿಸಿದ್ದೆ. ತಿರುವಿನ ಎದುರು ಗೋಡೆಯ ಮೇಲೆ ಎಡಕ್ಕೆ ಓಡುವ ಮನುಷ್ಯನ ಚಿತ್ರದ ಹಸಿರು ಹಲಗೆ ಝಗ್ಗನೆ ಹೊಳೆಯುತ್ತಿತ್ತು. ತಿರುವಿನಲ್ಲಿ ಎರಡು ಲಕ್ಸಿಗೆ ಸ್ವಲ್ಪ ಹೆಚ್ಚು, ಮೆಟ್ಟಿಲಿನ ಮೇಲೆ ಒಂದೂಮುಕ್ಕಾಲು. ಎಲ್ಲೂ ಒಂದಕ್ಕಿಂತ ಕಡಿಮೆ ಇರಲಿಲ್ಲ. ಮನಸ್ಸಿಗೆ ಸಮಾಧಾನವಾಯಿತು. ಸಮಾಧಾನವಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಕೌದಿ ಮನೆಯ ಕಾರ್ಯದರ್ಶಿ ಅನಸೂಯಾಬಾಯಿ ಬಾಗಿಲಲ್ಲೇ ಕಾದಿದ್ದರು. ಕೆಟ್ಟವರಲ್ಲ, ಅರವತ್ತೆರಡು ಜೀವಗಳ ಹೊಣೆ ಹೊತ್ತು ಹೆದರಿದ ಹೆಂಗಸು. "ಲೆಕ್ಕ ಸರಿ ಬಂತೇನ್ರಿ?" ಎಂದರು. ಬಂತು ಎಂದೆ. "ನನಗೂ ಹಂಗ ಅನಸಿತ್ತು. ಪಾಪ, ವಯಸ್ಸಾಗೇದ ಆಕೀಗೆ. ಬುತ್ತಿ ಗಂಟು ಕಟ್ಟಕೋತ ಕುಂತಿರಬೇಕು. ನಾಡದು ಬೈಠಕ್ಕಿನಾಗ ಓದಿಬಿಡ್ರಿ, ಮುಗಸೋಣು." ನಾನು ಹೂಂ ಎಂದೆ. ಆದರೆ ಕೆಳಗೆ ಇಳಿಯುತ್ತ ಒಂದು ಮಾತು ಕಾಲಿಗೆ ತೊಡರಿದಂತಾಯಿತು. ಬುತ್ತಿ ಕಟ್ಟುತ್ತ ಕೂತವಳು ತನ್ನ ಜಾಗದಲ್ಲೇ ಸಿಗಬೇಕಿತ್ತು. ಇವಳು ಅಷ್ಟು ದೂರ ನಡೆದು ಬಂದಿದ್ದಳು. ತಿರುವಿನಲ್ಲಿ ತಪ್ಪಿದ್ದಳು.

ಅಂಗಳದ ಬೇವಿನ ಕಟ್ಟೆಯ ಮೇಲೆ ಇಬ್ಬರು ಹೆಂಗಸರು ಕೂತಿದ್ದರು. ಒಬ್ಬಳು ಎತ್ತರದವಳು, ಮೂಳೆ ಕಾಣುವ ಮುಖ, ಅರವತ್ತು ದಾಟಿರಬಹುದು. ಅವಳೇ ನೀಲಗಂಗವ್ವ. ಪಕ್ಕದವಳು ಗಿಡ್ಡಿ, ದಪ್ಪ, ಒಂದು ಕೆನ್ನೆ ಊದಿತ್ತು. ಅವಳು ದ್ಯಾಮವ್ವ. ಹಲ್ಲು ಕೀಳಿಸಿಕೊಳ್ಳಲು ಹೋಗಿ ಮೊನ್ನೆ ಕೆಲಸಕ್ಕೆ ಬಾರದೆ ಉಳಿದವಳು. ದ್ಯಾಮವ್ವ ಗೆಳತಿಯ ಬುಟ್ಟಿಯಲ್ಲಿ ಬಟ್ಟೆಯ ತುಂಡುಗಳನ್ನು ಒಂದರ ಕೆಳಗೊಂದು ಒಟ್ಟುತ್ತಿದ್ದಳು.

"ಏನ್ರಿ ದೀಪದ ಅಕ್ಕಾರ, ನಿಮ್ಮ ಬೆಳಕು ಸರಿ ಅದ ಅಂತ ಬಂತಲ್ಲ?" ಎಂದಳು ನೀಲಗಂಗವ್ವ. ದನಿಯಲ್ಲಿ ಕುಹಕ ಇರಲಿಲ್ಲ. "ಬರ್ರಿ, ಬರಕೋರಿ. ನಾನ ತಪ್ಪಿದೆ. ಮುದುಕಿ, ದಿಕ್ಕು ತಪ್ಪಿದೆ."

"ನನ್ನ ಜೋಡಿ ಒಮ್ಮೆ ಮ್ಯಾಲ ಬರ್ತೀರೇನು ನೀಲಗಂಗವ್ವಾರ? ಆ ದಿನ ಹೆಂಗ ನಡದಿರಿ, ಹಂಗ ನಡದು ತೋರಸ್ರಿ" ಎಂದೆ. ಅವಳು ದ್ಯಾಮವ್ವನ ಮುಖ ನೋಡಿದಳು. ದ್ಯಾಮವ್ವ ತಟ್ಟನೆ ಎದ್ದು, "ನಾನೂ ಬರ್ತೀನಿ" ಎಂದಳು. ಬೇಡ, ಅವರೊಬ್ಬರೇ ಬರಲಿ ಎಂದೆ.

ಪರದೆಗಳು ಇನ್ನೂ ಇಳಿದೇ ಇದ್ದವು. ಅವಳ ಜಾಗ ಕಟ್ಟಕಡೆಯ ಸಾಲಿನ ಮೂಲೆ. ಆ ದಿನ ಅವಳು ತಿರುವಿಗೆ ಬರುವುದರೊಳಗೆ ಉಳಿದವರೆಲ್ಲ ಇಳಿದುಹೋಗಿದ್ದರಂತೆ. ಅಲ್ಲಿಂದ ಎದ್ದು ನಡೆದಳು, ನಾನು ಹಿಂದೆ. ಹದಿನಾರು ವರ್ಷಗಳಲ್ಲಿ ಅಳತೆ ಮಾಡಿದ ದಾರಿಯಲ್ಲಿ ಇನ್ನೊಬ್ಬರ ಹಿಂದೆ ನಡೆದದ್ದು ಅದೇ ಮೊದಲು. ಯಾವಾಗಲೂ ಜನರನ್ನು ಹೊರಗೆ ಕಳಿಸಿಯೇ ಅಳೆಯುತ್ತಿದ್ದೆ. ಅವಳ ಕಾಲು ನೆಲವನ್ನು ಬಲ್ಲದು, ಎಲ್ಲೂ ಎಡವಲಿಲ್ಲ. ಪಡಸಾಲೆ ದಾಟಿ ತಿರುವಿಗೆ ಬಂದು ನಿಂತಳು. ಎದುರಿಗೇ ಹಲಗೆ. ಅವಳ ಮುಖದ ಮೇಲೆಲ್ಲ ಅದರ ಹಸಿರು ಚೆಲ್ಲಿತ್ತು. ಅವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಎರಡೂ ಕಡೆ ಗೋಡೆಯ ದೀಪಗಳು ಒಂದೇ ಸಮ ಉರಿಯುತ್ತಿದ್ದವು. ಮೂವತ್ತು ವರ್ಷದ ರೂಢಿಯ ಕಾಲು ಬಲಕ್ಕೆ ಹೊರಳಿತು.

"ನೀಲಗಂಗವ್ವಾರ, ಎದರಿಗೆ ಹಲಗಿ ಅದಲ್ಲ?"

"ಅದ. ಆರೇದ."

"ಏನು?"

"ಹಲಗಿ ಆರೇದ. ಮೊನ್ನೀನೂ ಆರಿತ್ತು" ಎಂದವಳು ನನ್ನ ಮುಖ ನೋಡಿ ಥಟ್ಟನೆ ಮಾತು ನಿಲ್ಲಿಸಿದಳು. ನಾನು ಹಲಗೆಯನ್ನು ನೋಡಿದೆ. ಊರಿನ ಎಲ್ಲ ಹಲಗೆಗಳಂತೆ ಅದೂ ಹಸಿರಾಗಿ ಉರಿಯುತ್ತಿತ್ತು. ಅರ್ಥವಾಗಲು ನನಗೆ ತಡವಾಯಿತು.

ಅವಳು ಅಲ್ಲೇ ಗೋಡೆಗೆ ಒರಗಿ ಕುಕ್ಕರಿಸಿದಳು. ನಾನೂ ಎದುರಿಗೆ ಕೂತೆ. ಅವಳು ಹೇಳತೊಡಗಿದಳು. ಹನ್ನೆರಡು ವರ್ಷದವಳಿದ್ದಾಗ ಶಾಲೆಯ ಅಟ್ಟದ ಮೇಲೆ ನಕಾಶೆ ತರಲು ಹತ್ತಿದ್ದಳಂತೆ. ಆಗ ಮುಸುಕು ಬಿತ್ತು, ಹಸಿರು ಹೋಯಿತು. ಅವ್ವನ ಹೊರತು ಯಾರಿಗೂ ಹೇಳಲಿಲ್ಲ. "ಹೆಣ್ಣ ನೋಡಾಕ ಬಂದಾಗ ನಮ್ಮವ್ವ ಹಸಿರು ಬಳೀಗೆ ಒಳಗಡೆ ಸೂಜಿಲೆ ಗೀಚಿ ಇಟ್ಟಿದ್ಲು. ಬೆರಳಾಡಿಸಿ ಆರಿಸಿ ಕೊಟ್ಟೆ. ಕೊಟ್ಟ ಮನಿಯವರು ಸಾಯೂತನಕ ಗೊತ್ತಾಗಲಿಲ್ಲ ಅವರಿಗೆ. ಕೈತುಂಬ ಹಸಿರು ಬಳಿ ಇಟಕೊಂಡು ಬಾಳೇ ಮಾಡಿದೆ, ಒಂದ ದಿವಸ ನೋಡಲಿಲ್ಲ." ಹಾಗೆಂದು ನಕ್ಕಳು. ಆಮೇಲೆ ನಗು ನಿಂತಿತು. "ಈಗ ಕೆಂಪೂ ಹೋತು. ನಿನ್ನೆ ಕುಂಕುಮದ ಭರಣಿ ತಗದೆ ಅಕ್ಕಾರ. ಒಲಿಯಾಗಿನ ಬೂದಿ ತುಂಬಿದಂಗ ಇತ್ತು. ಮುಚ್ಚಿ ಇಟ್ಟೆ."

"ಕೌದಿ ಹೆಂಗ ಹೊಲದ್ರಿ ಮತ್ತ, ಇಷ್ಟು ವರ್ಷ?"

"ದ್ಯಾಮಿ ಅದಾಳಲ್ಲ. ದಿನಾ ಮುಂಜಾನೆ ನನ್ನ ಬುಟ್ಟ್ಯಾಗ ತುಂಡು ಒಟ್ಟಿ ಇಡತಾಳ. ಮ್ಯಾಲಿಂದ ಹೆಂಗ ಬರತಾವೋ ಹಂಗ ಜೋಡಸಕೋತ ಹೋಗತೀನಿ. ಮುಸುಕು ಬಿದ್ರ ಆಕಿ ಸೆರಗ ಹಿಡಕೊಂಡು ಇಳೀತೀನಿ. ನಾ ಆಕೀಗೆ ಎಂದೂ ಹೇಳಿಲ್ಲ. ಆಕಿ ಎಂದೂ ಕೇಳಿಲ್ಲ."

ಬಿಸಿಲಿಗೆ ಬಂದ ಮೇಲೆ ಅವಳು ನನ್ನ ಮುಂಗೈ ಹಿಡಿದು ನಿಲ್ಲಿಸಿದಳು. "ಇದನ್ನ ಬರೀಬ್ಯಾಡ್ರಿ. ಕೆಲಸ ಹೋದ್ರ ಹೋಗಲಿ. ಎರಡು ಮೊಮ್ಮಕ್ಕಳು ಲಗ್ನಕ್ಕ ಬಂದಾವು. ಮನೆತನದಾಗ ಎರಡು ಬಣ್ಣ ಹೋದಾಕಿ ಅದಾಳ ಅಂದ್ರ ಯಾರೂ ಹೊಸ್ತಲಾ ತುಳಿಯಂಗಿಲ್ಲ."

ಆ ಸಂಜೆ ಕಚೇರಿಯಲ್ಲಿ ಎರಡು ಹಾಳೆ ಹಾಳುಮಾಡಿದೆ. ನಿಜ ಬರೆದರೆ ಅವಳ ಗುಟ್ಟು ಬಯಲು. ಬರೆಯದಿದ್ದರೆ ಅವಳು ಎಚ್ಚರ ತಪ್ಪಿದವಳು. ಕೌದಿ ಮನೆಯ ನಕ್ಷೆಯನ್ನು ಮುಂದಿಟ್ಟುಕೊಂಡು ಪ್ರತಿ ದೀಪದ ಲೆಕ್ಕವನ್ನೂ ಮೊದಲಿಂದ ಮಾಡಿದೆ. ಮಾಡುತ್ತ ಮಾಡುತ್ತ ಬಲಗಡೆಯ ಪಡಸಾಲೆಗೆ ಬಂದೆ. ಮೂರು ದೀಪ. ಬೀಗ ಹಾಕಿದ ಮೆಟ್ಟಿಲಿನ ಕಡೆಗೆ ಹೋಗುವ ದಾರಿಯ ಮೂರು ದೀಪಗಳು. ದಾರಿ ಮುಚ್ಚಿಸಿದೆ, ದೀಪ ತೆಗೆಸಲಿಲ್ಲ. ಹೆಚ್ಚು ಬೆಳಕಿದ್ದರೆ ಯಾರಿಗೇನು ತೊಂದರೆ ಎಂದುಕೊಂಡಿದ್ದೆ. ನಾನು ದಾರಿಯನ್ನು ಒಂದು ಹಲಗೆಯ ಬಾಯಿಗೆ ಬಿಟ್ಟು, ಬೆಳಕನ್ನು ಎರಡೂ ಕಡೆಗೆ ಸಮನಾಗಿ ಹಂಚಿದ್ದೆ. ಆ ಹಲಗೆ ಕಾಣದವರಿಗೆ, ಹೊಗೆಯಲ್ಲೋ ಕಣ್ಣೀರಲ್ಲೋ ಅದು ಮಸುಕಾದವರಿಗೆ, ಬಲವೂ ಒಂದೇ ಎಡವೂ ಒಂದೇ. ಕಟ್ಟಳೆಯ ಪುಸ್ತಕದಲ್ಲಿ ಇದು ತಪ್ಪು ಎಂದು ಎಲ್ಲೂ ಇಲ್ಲ. ಆದರೂ ತಪ್ಪೇ. ಪೆನ್ನು ತೆಗೆದು ಬರೆದೆ.

ಬೈಠಕ್ಕು ಕೌದಿ ಮನೆಯಲ್ಲೇ ನಡೆಯಿತು. ಗುರುಪಾದಪ್ಪನವರು ಬಂದು ಕುರ್ಚಿಯಲ್ಲಿ ಕೂತರು, ಅನಸೂಯಾಬಾಯಿ ಪಕ್ಕದಲ್ಲಿ. ಹೆಂಗಸರೆಲ್ಲ ತಮ್ಮ ತಮ್ಮ ಜಾಗದಲ್ಲಿ ಸೂಜಿ ಕೆಳಗಿಟ್ಟು ಕೂತಿದ್ದರು. ನಾನು ಓದಿದೆ: ಮುಚ್ಚಿದ ದಾರಿಯಲ್ಲಿ ದೀಪ ಉಳಿಸಿದ್ದು ಅಳತೆಯವಳ ತಪ್ಪು. ನೀಲಗಂಗವ್ವ ಬೆಳಕನ್ನು ನಂಬಿ ನಡೆದಿದ್ದಾರೆ, ಬೆಳಕೇ ಅವರನ್ನು ತಪ್ಪು ಕಡೆಗೆ ಕರೆದೊಯ್ದಿದೆ. ಬಲಗಡೆಯ ದೀಪ ತೆಗೆಯಬೇಕು. ತಿರುವಿನಲ್ಲಿ ಎಡಗಡೆಗೆ ಐದು ಲಕ್ಸ್ ಬೀಳುವಂತೆ ಬಿಳಿ ದೀಪ ಹಾಕಬೇಕು. ಇಲ್ಲಷ್ಟೇ ಅಲ್ಲ, ಊರಿನ ಎಲ್ಲ ತಿರುವುಗಳಲ್ಲೂ.

ಗುರುಪಾದಪ್ಪನವರು ಕನ್ನಡಕ ತೆಗೆದು ಒರೆಸಿದರು. "ಕುಮುದಿನಿ, ನಿನ್ನ ತಪ್ಪು ನೀ ಬರದಿ, ಚಲೋ ಆತು. ಇಲ್ಲಿ ದೀಪ ತಗಸೋಣು. ಆದ್ರ ಊರಾಗ ನಾಕನೂರು ತಿರುವು ಅದಾವು. ಎಲ್ಲಾ ಕಡೆ ಹಲಗಿ ಅದಾವಲ್ಲ. ಹಲಗಿ ಸಾಕಾಗೂದಿಲ್ಲ ಅಂತೀಯೇನು? ಯಾಕ?"

ನಾನು ಕೈಯಲ್ಲಿದ್ದ ಹಾಳೆಯನ್ನು ಮಡಿಸಿದೆ. ಹೇಳಬಹುದಾದ ಕಾರಣ ಒಂದೇ ಇತ್ತು. ಅದು ನನ್ನದಲ್ಲ.

"ಯಾಕಂತ ಕೇಳಿದೆ" ಎಂದರು ಮತ್ತೊಮ್ಮೆ, ಮೆಲ್ಲಗೆ.

ಕಟ್ಟಕಡೆಯ ಸಾಲಿನಲ್ಲಿ ಬುಟ್ಟಿ ಸರಿದ ಸದ್ದಾಯಿತು. ದ್ಯಾಮವ್ವ ಗೆಳತಿಯ ಸೀರೆ ಹಿಡಿದು ಕೂರಿಸಲು ನೋಡಿದಳು. ನೀಲಗಂಗವ್ವ ಅವಳ ಕೈ ಬಿಡಿಸಿ ಎದ್ದು ನಿಂತಳು. "ಆಕೀನ್ನ ಯಾಕ ಕೇಳತೀರಿ ಸಾಹೇಬ್ರ, ನನ್ನ ಕೇಳ್ರಿ. ನನಗ ಹಲಗಿ ಕಾಣೂದಿಲ್ಲ. ಹಸಿರು ಹೋಗಿ ಐವತ್ತೆರಡು ವರ್ಷಾತು." ಅರವತ್ತು ತಲೆಗಳು ತಿರುಗಿದವು. "ಹೇಳಬ್ಯಾಡ ಅಂದಿದ್ದೆ, ಈ ಅಕ್ಕಾರು ಹೇಳಲಿಲ್ಲ. ತಮ್ಮ ತಲಿ ಮ್ಯಾಲ ಹೊತಕೊಂಡ್ರು. ಆದ್ರ ನಾ ಮೊನ್ನೆ ಆ ಬೀಗದ ಬಾಗಲಕ್ಕ ಕೈ ಹಚ್ಚಿ ನಿಂತಾಗ ಇನ್ನೂರಾ ಒಂದು, ಇನ್ನೂರಾ ಎರಡು ಅಂತ ಎಣಸೀನಿ. ಆ ಎಣಿಕಿ ಇನ್ನೊಬ್ಬಾಕಿ ಎಣಸಬಾರದು. ನನ್ನಂಥಾವರು ಊರಾಗ ನಾನೊಬ್ಬಾಕೀನ ಏನು? ಇರ್ತಾರ. ಬಾಯಿ ಬಿಡಂಗಿಲ್ಲ ಅಷ್ಟ."

ಅನಸೂಯಾಬಾಯಿ ಮುಂದಕ್ಕೆ ಬಾಗಿ, "ಎರಡು ಬಣ್ಣ ಕಾಣದೆ ಕೌದಿ ಹೆಂಗ ಹೊಲೀತಿ ನೀಲಗಂಗಾ?" ಎಂದರು. ಗದರಿಕೆಯಲ್ಲ, ನಿಜವಾಗಿ ತಿಳಿಯದೆ ಕೇಳಿದ ಪ್ರಶ್ನೆ.

ಉತ್ತರ ಕೊಟ್ಟದ್ದು ದ್ಯಾಮವ್ವ. ಊದಿದ ಕೆನ್ನೆಯ ಒಳಗಿಂದಲೇ ಗುಡುಗಿದಳು. "ಬಾಯಾರ, ಇಕಿ ಹೊಲದ ಕೌದಿ ನಿಮ್ಮ ಮಗಳ ಬಾಣಂತನಕ್ಕ ಒಯ್ದೀರಿ. ಅದರಾಗ ಯಾವ ಬಣ್ಣ ತಪ್ಪೇದ ಹೇಳ್ರಿ. ಒಂದು ಬಣ್ಣ ಹೋದಾಗ ಒಂದು ಬುಟ್ಟಿ ಜೋಡಸತಿದ್ದೆ. ಎರಡು ಹೋದ್ರ ಅದ ಬುಟ್ಟೀನ ಜೋಡಸತೀನಿ. ನನಗೇನು ಹೆಚ್ಚಿನ ಕೆಲಸ?" ನೀಲಗಂಗವ್ವ ಗೆಳತಿಯ ಕಡೆಗೆ ತಿರುಗಿದಳು. ಮೂವತ್ತು ವರ್ಷ ಪಕ್ಕಪಕ್ಕದಲ್ಲಿ ಕೂತವರು. ಆ ವಿಷಯ ಇಬ್ಬರ ನಡುವೆ ಬಾಯಿಂದ ಬಂದದ್ದು ಅದೇ ಮೊದಲ ಸಲ. "ಗೊತ್ತಿತ್ತೇನು ನಿನಗ?" ಎಂದಳು. "ಮೊದಲನೇ ವಾರದಾಗ ಗೊತ್ತಾತು" ಎಂದಳು ದ್ಯಾಮವ್ವ. "ಎಲಿಬಳ್ಳಿ ಬಣ್ಣದ ತುಂಡು ತಗೊಂಡು ಕಂದು ಅಂತ ಹಚ್ಚಿದ್ದಿ. ರಾತೋರಾತ್ರಿ ಬಿಚ್ಚಿ ನಾನ ಬದಲಿ ಹೊಲದೆ. ಕುಂದರು ಈಗ, ಕಾಲು ನೋಯತಾವು."

ನನ್ನ ಸಹಿಯನ್ನು ಒಂದು ವರ್ಷಕ್ಕೆ ತೆಗೆದರು. ಕಟ್ಟಳೆ ಕಟ್ಟಳೆಯೇ, ಗುರುಪಾದಪ್ಪನವರು ಅದರಲ್ಲಿ ದಾಕ್ಷಿಣ್ಯ ತೋರುವವರಲ್ಲ. ನನಗಿಂತ ಹತ್ತು ವರ್ಷ ಚಿಕ್ಕವನಾದ ಒಬ್ಬ ಅಳತೆಗಾರನ ಹಿಂದೆ ಟೇಪು ಹಿಡಿದು ನಡೆಯುವ ಕೆಲಸ ಸಿಕ್ಕಿತು. ನೀಲಗಂಗವ್ವನ ಹೆಸರು ಎಚ್ಚರ ತಪ್ಪಿದವರ ಪಟ್ಟಿಗೆ ಹೋಗಲಿಲ್ಲ. ಮೊಮ್ಮಗಳಿಗೆ ಬಂದಿದ್ದ ಒಂದು ಸಂಬಂಧ ಅವಳು ಅಂದುಕೊಂಡಂತೆಯೇ ತಪ್ಪಿತು. ಅದನ್ನು ಮುಚ್ಚಿಟ್ಟು ಕತೆ ಹೇಳಲು ನನಗೆ ಮನಸ್ಸಿಲ್ಲ.

ನಾಕನೂರು ತಿರುವುಗಳ ಮಾತು ಅಲ್ಲಿಗೇ ನಿಂತಿತು ಎಂದುಕೊಂಡೆ. ಒಬ್ಬಳಿಗಾಗಿ ಊರೆಲ್ಲ ದೀಪ ಬದಲಾಯಿಸಲು ಬರುವುದಿಲ್ಲ ಎಂದು ಕಚೇರಿ ಬರೆಯಿತು. ಆದರೆ ಬೈಠಕ್ಕು ಮುಗಿದು ಒಂದು ವಾರಕ್ಕೆ, ನಾನು ಬುತ್ತಿ ತಿನ್ನುತ್ತಿದ್ದಾಗ, ಅಂಚೆಯ ಪೇದೆಯೊಬ್ಬರು ಬಂದು ಕೂತರು. ಬಿಸಿಲಿನ ಬಗ್ಗೆ ಮಾತಾಡಿದರು, ಸೈಕಲ್ಲಿನ ಚೈನಿನ ಬಗ್ಗೆ ಮಾತಾಡಿದರು. ಏಳುವಾಗ ಬಾಗಿಲ ಕಡೆ ನೋಡುತ್ತ, "ನನಗೂ ಆ ಹಲಗಿ ಆರಿದಂಗ ಕಾಣತದ್ರಿ" ಎಂದು ಹೋಗಿಬಿಟ್ಟರು. ಮರುದಿನ ಒಬ್ಬ ಬಾಣಂತಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತು, ಕೂಸಿಗೆ ಹೇಳುವಂತೆ ಹೇಳಿದಳು. ನೀಲಿ ಶಾಯಿಯ ಮಾಸ್ತರರು ತಮಗೆ ಕೆಂಪು ಹೋದದ್ದನ್ನು ಒಂದು ಹಾಳೆಯಲ್ಲಿ ಬರೆದೇ ಕೊಟ್ಟರು. ನಾನು ಯಾರ ಹೆಸರನ್ನೂ ಬರೆದುಕೊಳ್ಳಲಿಲ್ಲ. ಹಳೆಯ ನಕ್ಷೆಯ ಬೆನ್ನಿಗೆ, ಬಣ್ಣಕ್ಕೊಂದು ಸಾಲು ಮಾಡಿ, ಗೀಟು ಹಾಕುತ್ತ ಹೋದೆ. ಹಸಿರಿನ ಕೆಳಗೇ ಎರಡು ತಿಂಗಳಲ್ಲಿ ಮೂವತ್ತೇಳು ಗೀಟಾದವು. ಆ ಹಾಳೆಯನ್ನು ಗುರುಪಾದಪ್ಪನವರ ಮೇಜಿನ ಮೇಲಿಟ್ಟೆ. ಅವರು ಗೀಟುಗಳ ಮೇಲೆ ಬೆರಳಿಟ್ಟು ಎಣಿಸಿದರು. "ಮೂವತ್ತೇಳು ಮಂದಿ" ಎಂದರು. "ಇಷ್ಟು ದಿವಸ ಇವರೆಲ್ಲ ಹೆಂಗ ಹೊರಗ ಬರತಿದ್ರು?" ಯಾರದೋ ಸೆರಗು ಹಿಡಕೊಂಡು ಸರ್, ಎಂದೆ. ಅವರು ಪೆನ್ನು ತೆಗೆದು, ಊರಿನ ತಿರುವುಗಳಿಗೆಲ್ಲ ಬಿಳಿ ದೀಪ ಹಾಕಬೇಕೆಂದು ಬರೆದರು.

ಮೊದಲ ಬಿಳಿ ದೀಪ ಕೌದಿ ಮನೆಯ ತಿರುವಿನಲ್ಲೇ ಬಂತು. ಅದನ್ನು ಅಳೆಯಲು ಒಂದು ಮುಂಜಾನೆ ಹೋದೆ, ಸಹಿ ಮಾಡುವ ಹುಡುಗ ಕೆಳಗೆ ಅಂಗಳದಲ್ಲಿ ಚಹಾ ಕುಡಿಯುತ್ತಿದ್ದ. ಈ ಸಲ ಹೆಂಗಸರನ್ನು ಹೊರಗೆ ಕಳಿಸಲಿಲ್ಲ, ನಿಮ್ಮ ಕೆಲಸ ನೀವು ಮಾಡ್ರಿ ಎಂದೆ. ಮೀಟರು ಹೊರಗೆ ತೆಗೆದಿದ್ದೆನಷ್ಟೇ, ಪರದೆ ಇಳಿಸುವ ಕೆಲಸವೇ ಉಳಿಯಲಿಲ್ಲ. ಮುಸುಕು ಬಿತ್ತು.

ಅರವತ್ತೆರಡು ಹೆಂಗಸರು ಒಮ್ಮೆಲೇ ಏಳುವ ಸದ್ದು ನಾನು ಎಂದೂ ಕೇಳಿರಲಿಲ್ಲ. ಸೀರೆಯ ಸರಬರ, ಬಳೆ, ಮಂಡಿಗಳು ನೆಟಿಗೆ ಮುರಿದಂಥ ಸದ್ದು, ಆಮೇಲೆ ಎಲ್ಲರೂ ಸಣ್ಣ ದನಿಯಲ್ಲಿ ಎಣಿಸತೊಡಗಿದ್ದು. ಬಲಗಡೆ ಕಗ್ಗತ್ತಲು. ಎಡಗಡೆ ನೆಲದ ಮೇಲೆ ಹಾಸಿದಂತೆ ಬೆಳಕು. ಒಬ್ಬರೂ ತಲೆ ಎತ್ತಿ ಹಲಗೆ ನೋಡಲಿಲ್ಲ, ನೀರು ತಗ್ಗಿಗೆ ಹರಿದಂತೆ ಎಡಕ್ಕೆ ಹರಿದು ಹೋದರು. ನಾನು ತಿರುವಿನಲ್ಲಿ ಮೊಣಕಾಲೂರಿ ನೆಲಕ್ಕೆ ಮೀಟರು ಇಟ್ಟು ನೋಡುತ್ತಿದ್ದೆ. ಐದೂಕಾಲು. ಆ ಐದೂಕಾಲು ಬೆಳಕಿನಲ್ಲಿ ಒಡೆದ ಹಿಮ್ಮಡಿಗಳು, ಬೆಳ್ಳಿ ಕಾಲುಂಗುರಗಳು, ಒಬ್ಬಳ ಹರಿದ ಚಪ್ಪಲಿಗೆ ಹಾಕಿದ ಕರಿ ದಾರದ ಹೊಲಿಗೆ, ಎಲ್ಲ ಕಾಣುತ್ತಿತ್ತು. ಹದಿನಾರು ವರ್ಷ ನಾನು ಅಳೆದದ್ದು ಬರೀ ನೆಲ. ಕಾಲುಗಳು ನಡೆಯುವಾಗ ಆ ಬೆಳಕು ಹೇಗಿರುತ್ತದೆ ಎಂದು ನೋಡಿಯೇ ಇರಲಿಲ್ಲ. ನೋಡುತ್ತ ನೋಡುತ್ತ ನನ್ನ ಎಣಿಕೆ ಎಲ್ಲೋ ಬಿಟ್ಟುಹೋಯಿತು.

ಯಾರೋ ರಟ್ಟೆ ಹಿಡಿದು ಎಳೆದರು. "ಅಕ್ಕಾರ! ಏನ್ ಮಾಡಾಕತ್ತೀರಿ? ನೂರಾ ಐವತ್ತಾತು!" ನೀಲಗಂಗವ್ವ. ಕಟ್ಟಕಡೆಯ ಸಾಲಿನವಳು, ಕೊನೆಯವಳಾಗಿ ಬಂದಿದ್ದಳು. ಒಬ್ಬಳೇ. ದ್ಯಾಮವ್ವ ಆಗಲೇ ಕೆಳಗಿಳಿದಿದ್ದಳು. "ಮೀಟರು..." ಎಂದೆ, ಅದು ಕೈಯಿಂದ ಜಾರಿ ಉರುಳಿತ್ತು. "ಸುಡಗಾಡ ಮೀಟರು, ನಡಿ ತಂಗಿ" ಎಂದು ಎಳೆದುಕೊಂಡೇ ಹೊರಟಳು. ಅಲ್ಲಿಯವರೆಗೆ ಅಕ್ಕಾರು ಆಗಿದ್ದವಳು ಆ ಮೆಟ್ಟಿಲ ಮೇಲೆ ತಂಗಿಯಾದೆ. ನಾನೇ ಕಟ್ಟಿಸಿದ ಮೆಟ್ಟಿಲು, ನನಗೇ ಗೊತ್ತಿರಲಿಲ್ಲ ಎಲ್ಲಿ ತಿರುಗುತ್ತದೆ ಎಂದು. ಅವಳ ಕಾಲಿಗೆ ಗೊತ್ತಿತ್ತು. ಒಂದೊಂದು ಮೆಟ್ಟಿಲಿಗೆ ಒಂದೊಂದು ಸಂಖ್ಯೆ ಎಣಿಸುತ್ತ ಇಳಿದಳು, ನಾನು ಹಿಂದೆ ಹಿಂದೆ ಮಗುವಿನಂತೆ ಇಳಿದೆ. ಬಾಗಿಲು ದಾಟಿದಾಗ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು.

ಅಂಗಳ ಕತ್ತಲು. ಬೇವಿನ ಕಟ್ಟೆ ಎಲ್ಲಿ ಎಂದು ಕಾಣುತ್ತಿರಲಿಲ್ಲ, ಸುತ್ತ ಅಷ್ಟೂ ಜನರ ಉಸಿರು ಕೇಳುತ್ತಿತ್ತು. ದ್ಯಾಮವ್ವ ಕತ್ತಲಲ್ಲೇ, "ನೀಲಾ, ಬಂದಿ?" ಎಂದಳು. "ಬಂದೆ. ದೀಪದಾಕೀನ್ನೂ ತಂದೀನಿ" ಎಂದಳು ನೀಲಗಂಗವ್ವ. ಯಾರೋ ನಕ್ಕರು. ನಾವಿಬ್ಬರೂ ಮಣ್ಣಿನ ಮೇಲೆ ಕೂತೆವು.

"ನಿನ್ನ ಕೈ ತಣ್ಣಗಾಗೇದಲ್ಲ" ಎಂದಳು.

"ಅಂಜಿಕಿ ಆತು" ಎಂದೆ.

"ಊರಿಗೆಲ್ಲ ದಾರಿ ತೋರಸಾಕಿ. ನಿನಗೂ ಅಂಜಿಕಿ ಆಗತದನು?"

ಆಗುತ್ತದೆ ಎಂದೆ. ಮುಸುಕು ಬಿದ್ದಾಗಲೆಲ್ಲ ಆಗುತ್ತದೆ, ಎಲ್ಲಿದ್ದರೂ ಆಗುತ್ತದೆ, ಚಿಕ್ಕಂದಿನಿಂದಲೂ ಆಗುತ್ತದೆ ಎಂದೆ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳಬಹುದೆಂದೂ ತೋಚಿರಲಿಲ್ಲ. ಅವಳು ನನ್ನ ಅಂಗೈಯನ್ನು ತನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು, ಚಳಿಯಾದ ಕೂಸಿನ ಕೈ ಉಜ್ಜುವಂತೆ ಉಜ್ಜಿದಳು. ಸೂಜಿ ಚುಚ್ಚಿ ಚುಚ್ಚಿ ಜಡ್ಡುಗಟ್ಟಿದ ಬೆರಳುಗಳು. ಸುಮಾರು ಹೊತ್ತಿನ ಮೇಲೆ ಮೂಡಣದ ಕಡೆಯಿಂದ ಮುಸುಕು ಸರಿಯಿತು, ಬಿಸಿಲು ಬಂತು, ಹೆಂಗಸರು ಸೀರೆ ಜಾಡಿಸಿಕೊಂಡು ಒಬ್ಬೊಬ್ಬರಾಗಿ ಮೇಲೆ ಹತ್ತತೊಡಗಿದರು. ಅನಸೂಯಾಬಾಯಿ ಬಾಗಿಲಲ್ಲಿ ನಿಂತು ತಲೆ ಎಣಿಸುತ್ತಿದ್ದರು. ದ್ಯಾಮವ್ವ ನಮ್ಮ ಹತ್ತಿರ ಬಂದು, "ಇನ್ನೂ ಕುಂತೀರಲ್ಲ, ಏಳ್ರಿ" ಎಂದಳು. "ನೀ ನಡಿ, ಬರ್ತೀನಿ" ಎಂದಳು ನೀಲಗಂಗವ್ವ, ಕೈ ಬಿಡಲಿಲ್ಲ. "ಈ ಹುಡುಗಿ ಕೈ ಇನ್ನಷ್ಟು ಬೆಚ್ಚಗಾಗಲಿ."